ಜಗಳ ಆದ್ಮೇಲೆ ಬಾಯಿ ಬಿಡುವುದು: ನನ್ನ ಅನುಭವ

ಉಡುಪಿಯಲ್ಲಿ ಗಂಡ-ಹೆಂಡ್ತಿಯರನ್ನು ಕೂರಿಸಿ ಕೌನ್ಸೆಲಿಂಗ್ ಮಾಡುವ ಕೆಲ್ಸ ನಂದು. ನಾನು ನೋಡಿದ ಮಟ್ಟಿಗೆ ಜಗಳಕ್ಕಿಂತ ಜಾಸ್ತಿ ಸಂಸಾರ ಕೆಡಿಸುವುದು ಆಮೇಲಿನ ಮೌನ. ಛೆ, ಹಾಗೆ ಹೇಳ್ಬಾರ್ದಿತ್ತು ಅಂತ ಇಬ್ರಿಗೂ ಒಳಗೆ ಇರ್ತದೆ, ಆದ್ರೆ ಮೊದ್ಲು ಯಾರು ಮಾತಾಡುವುದು ಅನ್ನೋದ್ರಲ್ಲೇ ವಾರ ಕಳೀತದೆ.

ಒಂದು ಸಣ್ಣ ಪ್ರಾಯದ ಜೋಡಿ, ಗುರುತು ಬದ್ಲಿಸಿ ಹೇಳ್ತೇನೆ. ಗಂಡ ದುಬೈಯಲ್ಲಿ, ಹೆಂಡ್ತಿ ಅತ್ತೆ ಜೊತೆ ಇಲ್ಲಿ. ಮನೆಗೆ ಸ್ಲ್ಯಾಬ್ ಹಾಕ್ಲಿಕ್ಕೆ ಅಂತ ಅವಳ ಚಿನ್ನ ಸೊಸೈಟಿಯಲ್ಲಿ ಅಡವಿಟ್ಟದ್ದು, ಅದನ್ನು ಬಿಡಿಸುವ ಮಾತು ಬಂದಾಗ ಅವ ಫೋನಲ್ಲಿ "ನಿನ್ನ ಅಪ್ಪ ಕೊಟ್ಟದ್ದೇ ಅಷ್ಟು, ಅದಕ್ಕೆ ಎಂತ ಇಷ್ಟು ಲೆಕ್ಕ" ಅಂದುಬಿಟ್ಟ. ಮರುದಿನವೇ ಅವನ ಮನಸ್ಸಿಗೆ ಚುಚ್ಚಿದೆ, ಊರಿಗೆ ಬರುವಾಗ ಸೆಂಟು, ಖರ್ಜೂರ, ಹೊಸ ಮೊಬೈಲ್ ಎಲ್ಲ ತಂದ. ಅವಳು ಮೊಬೈಲಿನ ಡಬ್ಬಿ ಬಿಚ್ಚಲೇ ಇಲ್ಲ. "ಮೇಡಂ, ನಂಗೆ ಅದೆಲ್ಲ ಬೇಡ, ಅಪ್ಪನ ಬಗ್ಗೆ ಹೇಳಿದ್ದಕ್ಕೆ ಇವ್ರು ಎಂತ ಹೇಳ್ತಾರೆ ಕೇಳಿ."

ಅವ ಶುರು ಮಾಡಿದ್ದೇ ಆ ದಿನ ಡ್ಯೂಟಿಯಲ್ಲಿ ಟೆನ್ಶನ್ ಇತ್ತು ಅಂತ. ನಾನು ಅಲ್ಲೇ ತಡೆದೆ. ಕಾರಣ ಆಮೇಲೆ ಹೇಳಿ, ಮೊದ್ಲು ನೀವು ಆಡಿದ ಮಾತನ್ನೇ ಹೇಳಿ, ಅದು ಅವ್ರಿಗೆ ಎಲ್ಲಿ ತಾಗಿತು ಅಂತ ಹೇಳಿ ಅಂದೆ. ತುಂಬಾ ಹೊತ್ತು ಸುಮ್ನೆ ಕೂತ. ಆಮೇಲೆ, "ನಿನ್ನ ಅಪ್ಪ ಸಾಲ ಮಾಡಿ ಮಾಡ್ಸಿದ ಚಿನ್ನ ಅಂತ ಗೊತ್ತಿದ್ದೂ ಹಾಗೆ ಹೇಳಿದೆ" ಅಂದ. ಅಷ್ಟು ದಿನ ಅಳದಿದ್ದವಳು ಆಗ ಅತ್ತಳು. ನನ್ನ ಪ್ರಕಾರ ಪಶ್ಚಾತ್ತಾಪ ಕೆಲ್ಸ ಮಾಡುವುದು ಇಷ್ಟು ಸ್ಪಷ್ಟವಾಗಿ ಬಂದ್ರೆ ಮಾತ್ರ.

ಇನ್ನೊಂದು, ಜಗಳ ಏರುವಾಗ ತಮ್ಮ ನಾಡಿ ತಾವೇ ನೋಡ್ಲಿಕ್ಕೆ ಕಲಿಸ್ತೇನೆ. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು 15 ಸೆಕೆಂಡ್ ಎಣಿಸಿ, 25 ದಾಟಿದ್ರೆ ನಿಮಿಷಕ್ಕೆ 100ರ ಮೇಲೆ ಅಂತ ಲೆಕ್ಕ. ಅಮೆರಿಕದ ಜಾನ್ ಗಾಟ್‌ಮನ್ ದಂಪತಿಗಳ ಜಗಳವನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದವರು, ಎದೆಬಡಿತ ಅಷ್ಟು ಏರಿದ್ರೆ ಎದುರಿನವರ ಮಾತು ತಲೆಗೆ ಹೋಗುವುದಿಲ್ಲ, ಕಡಿಮೆ ಅಂದ್ರೂ 20 ನಿಮಿಷ ಬಿಡಬೇಕು ಅಂತಾರೆ. ಆದ್ರೆ ಸುಮ್ನೆ ಎದ್ದು ಹೋಗ್ಬಾರ್ದು, ಇಷ್ಟು ಗಂಟೆಗೆ ಮಾತಾಡುವ ಅಂತ ಹೇಳಿಯೇ ಹೋಗ್ಬೇಕು, ಇಲ್ಲದಿದ್ರೆ ಕೂತವರಿಗೆ ಅದು ಬಿಟ್ಟು ಹೋದ ಹಾಗೇ ಕಾಣ್ತದೆ. ಈ ಜೋಡಿ ಇಲ್ಲಿ ರಾತ್ರಿ ಹತ್ತು, ಅಲ್ಲಿ ಎಂಟೂವರೆ ಅಂತ ಟೈಮ್ ಇಟ್ಕೊಂಡಿದ್ದಾರೆ. ಚಿನ್ನ ಇನ್ನೂ ಬಿಡಿಸಿಲ್ಲ, ಅದರ ಜಗಳ ಈಗಲೂ ಆಗ್ತದೆ, ಆದ್ರೆ ಅಪ್ಪನ ಹೆಸರು ಎತ್ತುವುದಿಲ್ಲ.

ಪ್ರಾಯ ಆದ ಹೆಂಗಸರೂ ಬರ್ತಾರೆ, ಗಂಡ ತೀರಿ ಹೋದ್ಮೇಲೆ. ಅವರನ್ನು ಕಾಡುವುದು ಬೈದದ್ದಕ್ಕಿಂತ ಹೇಳದೆ ಉಳಿದದ್ದು. ಮಾಡಿದ್ದಕ್ಕಿಂತ ಮಾಡದೆ ಬಿಟ್ಟದ್ದರ ಕೊರಗು ಜಾಸ್ತಿ ಕಾಲ ಉಳೀತದೆ ಅಂತ ಮನಶ್ಶಾಸ್ತ್ರಜ್ಞರಾದ ಗಿಲೋವಿಚ್ ಮತ್ತು ಮೆಡ್ವೆಕ್ 1994ರಲ್ಲೇ ತೋರಿಸಿದ್ದರು.

ಇದೆಲ್ಲ ಕೈ ಎತ್ತದ ಮನೆಗೆ ಮಾತ್ರ. ಹೊಡೆದು ಮರುದಿನ ಕಾಲು ಹಿಡಿಯುವವರ ಪಶ್ಚಾತ್ತಾಪವನ್ನು ನಾನು ಲೆಕ್ಕಕ್ಕೆ ತಗೊಳ್ಳುವುದಿಲ್ಲ, ಇಬ್ರನ್ನೂ ಒಟ್ಟಿಗೆ ಕೂರಿಸುವುದೂ ಇಲ್ಲ. ಅವಳನ್ನು ಒಬ್ಬಳನ್ನೇ ಕರೆದು ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡ್ಲಿಕ್ಕೆ ಹೇಳ್ತೇನೆ, 2005ರ ಕೌಟುಂಬಿಕ ಹಿಂಸೆ ಕಾನೂನಿನಲ್ಲಿ ರಕ್ಷಣಾಧಿಕಾರಿಗೆ ದೂರು ಕೊಡ್ಲಿಕ್ಕೆ ದಾರಿ ಉಂಟು.