ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಿಮ್ಮ ಮನೆ ಹೇಗಿರುತ್ತದೆ? ಕೋಲಿವಿಂಗ್ ಮನೆಯನ್ನು ಎಲ್ಲಿ, ಹೇಗೆ ಲಿಸ್ಟ್ ಮಾಡಬೇಕು

2022ರ ಜುಲೈ ತಿಂಗಳು. ಪುಣೆಯಿಂದ ಒಬ್ಬಳು ಹುಡುಗಿ ನಮ್ಮ ಮನೆಗೆ ಒಂದು ತಿಂಗಳಿಗೆಂದು ಬಂದಳು. ಮೂರನೇ ದಿನವೇ ಬ್ಯಾಗು ತುಂಬಿಕೊಂಡಳು. 'ಆಂಟಿ, ಮನೆ ತುಂಬಾ ಇಷ್ಟ ಆಯ್ತು, ಆದರೆ ಇಲ್ಲೇ ಇದ್ದರೆ ನನ್ನ ಕೆಲಸ ಹೋಗುತ್ತದೆ' ಅಂದಳು. ಎರಡು ದಿನದಲ್ಲಿ ನಾಲ್ಕು ಸಲ ಕರೆಂಟ್ ಹೋಗಿತ್ತು. ಫ್ಯಾನು, ಲೈಟು ಇನ್ವರ್ಟರ್ ಮೇಲೆ ಓಡುತ್ತಿದ್ದವು. ರೌಟರ್ ಮಾತ್ರ ಇನ್ವರ್ಟರ್ ಲೈನಿಗೆ ಬಂದಿರಲಿಲ್ಲ. ಮೀಟಿಂಗ್ ನಡುವೆ ಅವಳು ನಾಲ್ಕು ಸಲ ಮಾಯವಾಗಿದ್ದಳು. ಬುಕಿಂಗ್ ಸೈಟಿನಲ್ಲಿ ಹಾಕಿದ ನಮ್ಮ ಮನೆಯ ವಿವರದಲ್ಲಿ, ಅಂದರೆ ಲಿಸ್ಟಿಂಗಿನಲ್ಲಿ, ನಾನು ಬರೆದದ್ದು 'ಹೈಸ್ಪೀಡ್ ವೈಫೈ, ಪವರ್ ಬ್ಯಾಕಪ್ ಇದೆ' ಅಂತ. ಎರಡೂ ಸುಳ್ಳಲ್ಲ. ಆದರೆ ಅವಳಿಗೆ ಬೇಕಾಗಿದ್ದ ಉತ್ತರ ಅದರಲ್ಲಿರಲಿಲ್ಲ. ಉಳಿದ ಹಣ ವಾಪಸ್ ಕೊಟ್ಟು ಅವಳನ್ನು ಗೋಕರ್ಣ ರೋಡ್ ಸ್ಟೇಷನ್‌ಗೆ ಬಿಟ್ಟು ಬಂದೆವು.

ಗೋಕರ್ಣದಲ್ಲಿ ನಮ್ಮದು ಹಳೆಯ ಹಂಚಿನ ಮನೆ. ಮಗ ಬೆಂಗಳೂರಿನಲ್ಲಿದ್ದಾನೆ. ಇಲ್ಲಿ ನಾನು, ನಮ್ಮವರು ಇಬ್ಬರೇ. ಆರು ಕೋಣೆಗಳನ್ನು ಸರಿಮಾಡಿಸಿ, ಲ್ಯಾಪ್‌ಟಾಪ್ ಹಿಡಿದು ಊರೂರಲ್ಲಿ ಕೆಲಸ ಮಾಡುವವರಿಗೆ ತಿಂಗಳ ಲೆಕ್ಕದಲ್ಲಿ ಕೊಡುತ್ತೇವೆ. ಹೀಗೆ ಕೆಲವರು ಒಂದೇ ಮನೆಯನ್ನು ಹಂಚಿಕೊಂಡು ಇರುವುದಕ್ಕೇ ಕೋಲಿವಿಂಗ್ ಅನ್ನುವುದು. ಕುಮಟಾ, ಸಿರ್ಸಿ, ಚಿಕ್ಕಮಗಳೂರಿನ ಕಡೆಯಿಂದ ಕೆಲವರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಾರೆ: ಯಾವ ಸೈಟ್‌ನಲ್ಲಿ ಹಾಕಿದರೆ ಜನ ಬರುತ್ತಾರೆ? ಅದಕ್ಕೆ ಉತ್ತರ ಹೇಳುತ್ತೇನೆ. ಆದರೆ ಸೈಟ್‌ಗಿಂತ ಮೊದಲು ಮಾಡಬೇಕಾದ ಕೆಲಸ ಒಂದಿದೆ.

ಮೊದಲು ಮೇನ್ ಸ್ವಿಚ್ ಆಫ್ ಮಾಡಿ

ಪ್ರವಾಸಿಗೆ ಭಾನುವಾರ ಮುಖ್ಯ. ಕೆಲಸ ಮಾಡಲು ಬರುವವರಿಗೆ ಸೋಮವಾರ ಮುಖ್ಯ. ನಾವು ಲಿಸ್ಟಿಂಗಿಗೆ ಹಾಕುವ ಫೋಟೋಗಳೆಲ್ಲ ಭಾನುವಾರದವು: ಸಮುದ್ರ, ಜಗಲಿ, ಬಾಳೆಎಲೆ ಊಟ. ನೋಡುವವರ ತಲೆಯಲ್ಲಿ ಓಡುತ್ತಿರುವುದು ಸೋಮವಾರದ ಪ್ರಶ್ನೆ. ಮೇಜು ಎಲ್ಲಿದೆ? ಕುರ್ಚಿಗೆ ಬೆನ್ನಾನಿಕೆ ಇದೆಯಾ? ಕರೆಂಟ್ ಹೋದರೆ ನೆಟ್ ಇರುತ್ತದಾ?

ಹಾಗಾಗಿ ಒಂದು ಸಂಜೆ ಮೀಟರ್ ಬೋರ್ಡಿಗೆ ಹೋಗಿ ಮೇನ್ ಸ್ವಿಚ್ ಆಫ್ ಮಾಡಿ. ಆಮೇಲೆ ಒಂದೊಂದು ಕೋಣೆಯಲ್ಲೂ ಕೂತು ಮಕ್ಕಳಿಗೋ ತಂಗಿಗೋ ವಿಡಿಯೊ ಕರೆ ಮಾಡಿ. ಎಲ್ಲಿ ಮಾತು ಕಡಿಯುತ್ತದೋ ಅಲ್ಲಿ ನಿಮ್ಮ ದುಡ್ಡು ಸೋರುತ್ತಿದೆ ಅಂತ ತಿಳಿಯಿರಿ. ಗುಂಪಿನ ವಿಡಿಯೊ ಮೀಟಿಂಗಿಗೆ ಒಬ್ಬರಿಗೆ ಮೂರು-ನಾಲ್ಕು ಎಂಬಿಪಿಎಸ್ (ನೆಟ್ ವೇಗದ ಅಳತೆ) ಸಿಕ್ಕರೆ ಸಾಕು. 100 ಎಂಬಿಪಿಎಸ್ ಇದ್ದೂ ಹತ್ತು ನಿಮಿಷಕ್ಕೊಮ್ಮೆ ಕಡಿದರೆ ಏನೂ ಪ್ರಯೋಜನ ಇಲ್ಲ. ನಾವು ಆ ಹುಡುಗಿ ಹೋದ ವಾರವೇ ರೌಟರ್‌ಗೂ ಫೈಬರ್ ಡಬ್ಬಿಗೂ ಒಂದೊಂದು ಪುಟ್ಟ 12 ವೋಲ್ಟ್ ಯುಪಿಎಸ್ ತಂದು ಹಾಕಿದೆವು. ಬೇರೆ ಕಂಪನಿಯ ಎರಡನೇ ಲೈನನ್ನೂ ಎಳೆಸಿದೆವು. ನಮ್ಮ ಮನೆಯಲ್ಲಿ ಹಾಕಿದ ಹಣದಲ್ಲಿ ಇದರಷ್ಟು ಬೇಗ ವಾಪಸ್ ಬಂದದ್ದು ಇನ್ನೊಂದಿಲ್ಲ.

ಇನ್ನೊಂದು, ಸದ್ದು. ಹಂಚಿನ ಮನೆಗಳಲ್ಲಿ ಗೋಡೆ ಮಾಡಿನವರೆಗೆ ಮುಟ್ಟುವುದಿಲ್ಲ, ಅಲ್ವಾ? ಒಂದು ಕೋಣೆಯ ಮಾತು ಮೇಲಿಂದ ಹಾದು ಪಕ್ಕದ ಕೋಣೆಗೆ ಇಳಿಯುತ್ತದೆ. ಅಮೆರಿಕದ ಕಂಪನಿಗೆ ಕೆಲಸ ಮಾಡುವವರಿಗೆ ದಿನ ಶುರುವಾಗುವುದೇ ನಮ್ಮ ಸಂಜೆಗೆ. ನ್ಯೂಯಾರ್ಕಿನ ಬೆಳಿಗ್ಗೆ ಒಂಬತ್ತು ಅಂದರೆ ನಮಗೆ ಬೇಸಿಗೆಯಲ್ಲಿ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಅವರ ಕರೆಗಳು ಮಧ್ಯರಾತ್ರಿ ದಾಟುತ್ತವೆ. ನಾವು ಹಳೆಯ ಭತ್ತದ ಕೋಣೆಗೆ ಮರದ ಹಲಗೆಯ ಸೀಲಿಂಗ್ ಹೊಡೆಸಿ ಅದನ್ನು ಕರೆಗಳಿಗೆಂದೇ ಬಿಟ್ಟಿದ್ದೇವೆ. ಲಿಸ್ಟಿಂಗಿನಲ್ಲಿ ಅದರ ಫೋಟೋ ಮೂರನೆಯದು. ಸಮುದ್ರದ್ದು ಎಂಟನೆಯದು.

ಯಾರು ಬರುತ್ತಾರೆ ಅಂತ ತಿಳಿದುಕೊಳ್ಳಿ

ಹೀಗೆ ಊರೂರು ತಿರುಗುತ್ತಾ ನೆಟ್ ಮೇಲೆ ಕೆಲಸ ಮಾಡುವವರನ್ನು ಡಿಜಿಟಲ್ ನೊಮ್ಯಾಡ್ ಅನ್ನುತ್ತಾರೆ. ಆ ಹೆಸರು ಕೇಳಿದ ಕೂಡಲೇ ವಿದೇಶಿಯರು ಅಂದುಕೊಳ್ಳುತ್ತೇವೆ. ಎಸ್ಟೋನಿಯಾ 2020ರಲ್ಲಿ, ಕ್ರೊಯೇಷಿಯಾ 2021ರಲ್ಲಿ, ಪೋರ್ಚುಗಲ್ 2022ರಲ್ಲಿ ಇಂಥವರಿಗೆಂದೇ ವೀಸಾ ಶುರುಮಾಡಿದವು. ಥಾಯ್ಲೆಂಡ್ 2024ರಲ್ಲಿ ತಂದಿತು. ನಮ್ಮ ದೇಶದಲ್ಲಿ ಅಂಥ ವೀಸಾ ಇಲ್ಲ. ನಮ್ಮ ಕಡೆಗೆ ಬರುವ ವಿದೇಶಿಯರು ಹೆಚ್ಚಾಗಿ ನವೆಂಬರ್‌ನಿಂದ ಮಾರ್ಚ್‌ವರೆಗೆ, ಪ್ರವಾಸಿ ವೀಸಾದಲ್ಲಿ. ಹಾಗಾಗಿ 'ಇಲ್ಲಿಗೆ ಬಂದು ಕೆಲಸ ಮಾಡಿ, ವೀಸಾ ತೊಂದರೆ ಇಲ್ಲ' ಅಂತೆಲ್ಲ ಬರೆಯಬೇಡಿ. ವೀಸಾದ ಬಗ್ಗೆ ಭರವಸೆ ಕೊಡುವುದು ನಮ್ಮ ಕೆಲಸ ಅಲ್ಲ.

ವರ್ಷಪೂರ್ತಿ ನಮ್ಮ ಕೋಣೆ ತುಂಬಿಸುವವರು ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈಯ ಹುಡುಗ ಹುಡುಗಿಯರು. ಅವರು ಹುಡುಕುವ ಜಾಗ ಬೇರೆ, ಯುರೋಪಿನವರು ಹುಡುಕುವ ಜಾಗ ಬೇರೆ. ಇದು ಗೊತ್ತಾದರೆ ಸೈಟ್ ಆರಿಸುವುದು ಅರ್ಧ ಮುಗಿದಂತೆ.

ಈಗ ಸೈಟುಗಳ ವಿಷಯ

ಏರ್‌ಬಿಎನ್‌ಬಿಯಿಂದ ಶುರುಮಾಡಿ. ಮನೆ, ಕೋಣೆ ಬಾಡಿಗೆಗೆ ಸಿಗುವ ಈ ಸೈಟು ಕೋಲಿವಿಂಗ್‌ಗೆಂದೇ ಹುಟ್ಟಿದ್ದಲ್ಲ, ಆದರೂ ಹೊಸಬರಿಗೆ ಮೊದಲ ಹತ್ತು ಅತಿಥಿಗಳು ಸಿಗುವುದು ಇಲ್ಲೇ. ಇದರಲ್ಲಿ ಬಹಳ ಜನ ಮುಟ್ಟದೇ ಬಿಡುವ ಮೂರು ವಿಷಯಗಳಿವೆ. ಒಂದು, 28 ರಾತ್ರಿ ಅಥವಾ ಅದಕ್ಕಿಂತ ಹೆಚ್ಚು ಇರುವವರಿಗೆ ತಿಂಗಳ ರಿಯಾಯಿತಿ ಇಡಬಹುದು. ನಮ್ಮ ಒಂದು ರಾತ್ರಿಯ ದರ 1,800 ರೂಪಾಯಿ. 28 ರಾತ್ರಿಗೆ 50,400 ಆಗುತ್ತದೆ. ಆ ಮೊತ್ತ ನೋಡಿದರೆ ಯಾರೂ ತಿಂಗಳಿಗೆ ಬರುವುದಿಲ್ಲ. ತಿಂಗಳ ರಿಯಾಯಿತಿ 50% ಇಟ್ಟ ಮೇಲೆ ಅದು 25,200ಕ್ಕೆ ಇಳಿಯಿತು. ಅರ್ಧಕ್ಕರ್ಧ ಹೋಯಿತಲ್ಲ ಅಂತ ನಮ್ಮವರು ಮೊದಲು ಬೇಸರ ಮಾಡಿಕೊಂಡರು. ಆದರೆ ದಿನದ ಅತಿಥಿಗಳಿದ್ದಾಗ ತಿಂಗಳಲ್ಲಿ ಹತ್ತು ರಾತ್ರಿ ತುಂಬಿದರೆ ಹೆಚ್ಚು. ಅದರ ಮೇಲೆ ದಿನಾ ಚಾದರ ಒಗೆಯುವ ಕೆಲಸ ಬೇರೆ. ಎರಡು, ಆಪ್‌ನಲ್ಲೇ ವೈಫೈ ವೇಗ ಪರೀಕ್ಷಿಸುವ ವ್ಯವಸ್ಥೆ ಇದೆ. ಮನೆಯ ವೈಫೈಗೆ ಜೋಡಿಸಿಕೊಂಡು ಮಾಡಿದರೆ ಆ ವೇಗ ಲಿಸ್ಟಿಂಗಿನಲ್ಲಿ ಕಾಣುತ್ತದೆ. ನಾವು ಬರೆದ 'ಹೈಸ್ಪೀಡ್'ಗಿಂತ ಆ ಅಂಕಿಗೆ ಬೆಲೆ ಜಾಸ್ತಿ. ಮೂರು, ಕೆಲಸದ ಜಾಗ ಇದೆ ಅಂತ ಗುರುತು ಮಾಡುವ ಆಯ್ಕೆ. ನಿಜವಾಗಿ ಮೇಜು, ಕುರ್ಚಿ, ಪ್ಲಗ್ ಮೂರೂ ಇದ್ದರೆ ಮಾತ್ರ ಗುರುತು ಹಾಕಿ. ಊಟದ ಮೇಜನ್ನು ಕೆಲಸದ ಮೇಜು ಅಂತ ತೋರಿಸಿದರೆ ಅದು ರಿವ್ಯೂನಲ್ಲಿ ವಾಪಸ್ ಬರುತ್ತದೆ.

ತಿಂಗಳ ಬುಕಿಂಗ್‌ಗೆ ರದ್ದು ಮಾಡುವ ನಿಯಮವೂ ಅಲ್ಲಿ ಬೇರೆಯೇ ಇದೆ. ಲಿಸ್ಟ್ ಮಾಡುವ ಮೊದಲು ಅದನ್ನು ಪೂರ್ತಿ ಓದಿ.

ಕೋಲಿವಿಂಗ್ ಡಾಟ್ ಕಾಮ್ ಹೆಸರೇ ಹೇಳುವಂತೆ ಈ ಕೆಲಸಕ್ಕೆಂದೇ ಇರುವ ಸೈಟು. ಇಲ್ಲಿ ಬಾಡಿಗೆ ಕಾಣುವುದೇ ತಿಂಗಳ ಲೆಕ್ಕದಲ್ಲಿ. ಸ್ವಂತ ಕೋಣೆಯೋ, ಹಂಚಿಕೊಳ್ಳುವ ಕೋಣೆಯೋ ಅಂತ ಬೇರೆ ಬೇರೆ ತೋರಿಸಬಹುದು. ನೋಡುವವರು ಹೆಚ್ಚಾಗಿ ದೊಡ್ಡ ಊರುಗಳನ್ನು ಹುಡುಕುತ್ತಾರೆ. ಹಾಗಾಗಿ ಬೆಂಗಳೂರಿನ ಇಂದಿರಾನಗರದಲ್ಲೋ ಕೋರಮಂಗಲದಲ್ಲೋ ಮನೆ ಇದ್ದವರು ಇದನ್ನು ಬಿಡಲೇಬಾರದು. ಗೋಕರ್ಣದಂಥ ಊರಿಗೆ ವಿಚಾರಣೆ ಕಡಿಮೆ. ಆದರೆ ಬಂದ ವಿಚಾರಣೆ ಗಟ್ಟಿ, ಕೇಳುವವರಿಗೆ ಕೋಲಿವಿಂಗ್ ಅಂದರೇನು ಅಂತ ಮೊದಲಿಂದ ವಿವರಿಸಬೇಕಾಗಿಲ್ಲ.

ಮ್ಯಾಪ್‌ಮೆಲನ್ ನನಗೆ ಇಷ್ಟವಾದದ್ದು. ಚಿಕ್ಕ ಚಿಕ್ಕ ಕೋಲಿವಿಂಗ್ ಮನೆಗಳನ್ನು ನೊಮ್ಯಾಡ್‌ಗಳಿಗೆ ಮುಟ್ಟಿಸುವುದೇ ಇದರ ಉದ್ದೇಶ. ಇಲ್ಲಿ ಹುಡುಕುವವರಿಗೆ ಹಾಸಿಗೆ ಮಾತ್ರ ಸಾಲದು, ಜೊತೆಗೆ ಜನ ಬೇಕು. ಒಟ್ಟಿಗೆ ಊಟ ಇದೆಯಾ, ಅಡುಗೆಮನೆ ಬಳಸಬಹುದಾ, ವಾರಕ್ಕೊಮ್ಮೆ ಎಲ್ಲಾದರೂ ಹೋಗುತ್ತೀರಾ ಅಂತ ಕೇಳುತ್ತಾರೆ. 'ಕಮ್ಯುನಿಟಿ' ಅಂತ ಬರೆದು ಬಿಟ್ಟರೆ ಸಾಲದು. ನಾನು ಹೀಗೆ ಬರೆದಿದ್ದೇನೆ: ಬುಧವಾರ ರಾತ್ರಿ ಎಲ್ಲರೂ ಸೇರಿ ಅಡುಗೆ, ತಂಬುಳಿ ನಾನು ಕಲಿಸುತ್ತೇನೆ. ಶನಿವಾರ ಬೆಳಿಗ್ಗೆ ಕುಡ್ಲೆ ಬೀಚಿನಿಂದ ಓಂ ಬೀಚಿಗೆ ನಡೆದು ಹೋಗುತ್ತೇವೆ. ಯಾರಿಗೂ ಒತ್ತಾಯ ಇಲ್ಲ. ಆ ಕೊನೆಯ ಸಾಲು ನೋಡಿಯೇ ಬಂದೆ ಅಂದವರಿದ್ದಾರೆ. ಒಬ್ಬರೇ ಇರುವ ಇಷ್ಟ ಇದ್ದವರಿಗೂ ಮನೆ ಬೇಕಲ್ಲ.

ಬುಕಿಂಗ್ ಡಾಟ್ ಕಾಮ್‌ನಲ್ಲಿ ಕಮಿಷನ್ ಸಾಮಾನ್ಯವಾಗಿ 15%ರ ಸುತ್ತ ಇರುತ್ತದೆ. ಬರುವವರು ಒಂದೆರಡು ರಾತ್ರಿಗೆ. ಹಾಸ್ಟೆಲ್‌ವರ್ಲ್ಡ್ ಡಾರ್ಮಿಟರಿ ಇದ್ದವರಿಗೆ ಸರಿ. ಇವೆರಡನ್ನೂ ನಾನು ಖಾಲಿ ಬಿದ್ದ ದಿನಗಳನ್ನು ತುಂಬಿಸಲು ಮಾತ್ರ ಬಳಸುತ್ತೇನೆ. ಶಿವರಾತ್ರಿ ಸಮಯದಲ್ಲಿ ಪೂರ್ತಿ ಮುಚ್ಚಿಬಿಡುತ್ತೇನೆ. ಆಗ ರಥಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ದಿನಕ್ಕೆ ಎಷ್ಟು ಬೇಕಾದರೂ ಕೇಳಬಹುದು ನಿಜ. ಆದರೆ ತಿಂಗಳಿಗೆ ಇದ್ದವರ ನಿದ್ದೆ ಕೆಡಿಸಿ ಗಳಿಸುವುದು ಬೇಡ. ಫ್ಲಾಟಿಯೊ, ಹೌಸಿಂಗ್‌ಎನಿವೇರ್ ಹೆಚ್ಚಾಗಿ ಯುರೋಪಿನವು. ಲಿಸ್ಬನ್‌ನಲ್ಲೋ ಬರ್ಲಿನ್‌ನಲ್ಲೋ ಮನೆ ನಡೆಸುವ ಕನ್ನಡಿಗರಿದ್ದರೆ ನೋಡಿ, ನಮಗೆ ಉಪಯೋಗ ಇಲ್ಲ.

ನೊಮ್ಯಾಡ್ ಲಿಸ್ಟ್ ಹೆಸರು ಎಲ್ಲರೂ ಕೇಳಿರುತ್ತೀರಿ. 2014ರಿಂದ ಇದೆ. ಅದು ಊರುಗಳ ಪಟ್ಟಿ, ಮನೆಗಳದ್ದಲ್ಲ. ತಿಂಗಳ ಖರ್ಚು, ನೆಟ್ ವೇಗ, ಹವಾಮಾನ ನೋಡಿ ಜನ ಅಲ್ಲಿ ಊರು ಆರಿಸುತ್ತಾರೆ. ನಮ್ಮ ಮನೆಯನ್ನು ಅಲ್ಲಿ ಹಾಕುವುದು ಹೇಗೆ ಅಂತ ನಾನು ಒಂದು ವಾರ ಹುಡುಕಿದ್ದೆ. ನೀವು ಆ ವಾರ ಉಳಿಸಿಕೊಳ್ಳಿ. ಆದರೆ ಅದರಿಂದ ಒಂದು ಪಾಠ ಕಲಿತೆ. ಜನ ಮೊದಲು ಊರು ಆರಿಸುತ್ತಾರೆ, ಆಮೇಲೆ ಮನೆ. ಆದ್ದರಿಂದ ಲಿಸ್ಟಿಂಗಿನ ಮೊದಲ ಎರಡು ಸಾಲು ಊರಿನ ಬಗ್ಗೆ ಇರಲಿ. ರೈಲ್ವೆ ಸ್ಟೇಷನ್ ಎಷ್ಟು ದೂರ, ಎಟಿಎಂ ಎಲ್ಲಿ, ಯಾವ ಸಿಮ್‌ಗೆ ಸಿಗ್ನಲ್ ಚೆನ್ನಾಗಿ ಬರುತ್ತದೆ, ರಾತ್ರಿ ಒಬ್ಬಳೇ ಹುಡುಗಿ ನಡೆದು ಬರಬಹುದಾ ಅಂತ.

ಇನ್ನು ಗೂಗಲ್ ಮ್ಯಾಪ್. ಲಿಸ್ಟಿಂಗ್ ಸೈಟ್ ಅಂತ ಯಾರೂ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಮ್ಮ ದೇಶದ ಹುಡುಗರು ಎಲ್ಲಿ ಬುಕ್ ಮಾಡಿದರೂ ಮೊದಲು ಇಲ್ಲಿ ಬಂದು ರಿವ್ಯೂ ಓದುತ್ತಾರೆ. ದುಡ್ಡಿಲ್ಲದೆ ಆಗುವ ಕೆಲಸ, ಮೊದಲ ದಿನವೇ ಮಾಡಿ. ಹೋಗುವಾಗ ಅತಿಥಿಗಳಿಗೆ ನಾನು 'ಚೆನ್ನಾಗಿ ಬರೆಯಿರಿ' ಅನ್ನುವುದಿಲ್ಲ. 'ನೆಟ್, ಕರೆಂಟ್, ಸದ್ದು ಹೇಗಿತ್ತು ಅಂತ ಬರೆಯಿರಿ' ಅನ್ನುತ್ತೇನೆ. 'ಲವ್ಲೀ ಆಂಟಿ' ಅನ್ನುವ ಹತ್ತು ರಿವ್ಯೂಗಿಂತ 'ಜುಲೈನಲ್ಲಿ ಇಡೀ ತಿಂಗಳು ಒಂದು ಮೀಟಿಂಗೂ ತಪ್ಪಲಿಲ್ಲ' ಅನ್ನುವ ಒಂದು ರಿವ್ಯೂ ಹೆಚ್ಚು ಜನರನ್ನು ಕರೆತಂದಿದೆ.

ಹಣ ಕೇಳಿ ಫೋನ್ ಮಾಡುವ ಸೈಟುಗಳೂ ಇವೆ. ಒಬ್ಬರು ವರ್ಷಕ್ಕೆ 12,000 ಕಟ್ಟಿದರೆ ಲಿಸ್ಟಿಂಗ್ ಮೇಲೆ ಬರುತ್ತದೆ ಅಂದರು. ಕಟ್ಟಿದೆ. ಒಂದು ವಿಚಾರಣೆಯೂ ಬರಲಿಲ್ಲ. ಈಗ ನನ್ನ ನಿಯಮ ಇಷ್ಟೇ: ಅತಿಥಿ ಬಂದ ಮೇಲೆ ಕಮಿಷನ್ ತೆಗೆದುಕೊಳ್ಳುವವರಿಗೆ ಸಂತೋಷದಿಂದ ಕೊಡುತ್ತೇನೆ, ಬರುವ ಮೊದಲೇ ಕೇಳುವವರಿಗೆ ಕೊಡುವುದಿಲ್ಲ.

ಕ್ಯಾಲೆಂಡರ್ ಮತ್ತು ಕಾಗದಪತ್ರ

ಎರಡು ಮೂರು ಸೈಟುಗಳಲ್ಲಿ ಇದ್ದ ಮೇಲೆ ಕ್ಯಾಲೆಂಡರ್‌ಗಳನ್ನು ಐಕ್ಯಾಲ್ ಲಿಂಕ್ (ಸೈಟು ತನ್ನ ಕ್ಯಾಲೆಂಡರ್ ಹಂಚಿಕೊಳ್ಳಲು ಕೊಡುವ ವಿಳಾಸ) ಮೂಲಕ ಒಂದಕ್ಕೊಂದು ಜೋಡಿಸಬೇಕು. ಜೋಡಿಸಿದ ಮಾತ್ರಕ್ಕೆ ತಕ್ಷಣ ಬದಲಾಗುತ್ತದೆ ಅಂದುಕೊಳ್ಳಬೇಡಿ, ಕೆಲವು ಗಂಟೆ ಹಿಡಿಯಬಹುದು. ಆ ನಡುವೆ ನಮ್ಮ ಒಂದೇ ಕೋಣೆ ಇಬ್ಬರಿಗೆ ಬುಕ್ ಆಗಿತ್ತು. ಒಬ್ಬರನ್ನು ಪಕ್ಕದ ಮನೆಯಲ್ಲಿ ಇಳಿಸಬೇಕಾಯಿತು. ಈಗ ಒಂದು ಕಡೆ ಬುಕಿಂಗ್ ಬಂದ ಕೂಡಲೇ ಉಳಿದ ಕಡೆ ಕೈಯಿಂದಲೇ ಮುಚ್ಚುತ್ತೇನೆ. ಆರು ಕೋಣೆಗೆ ಐದು ನಿಮಿಷದ ಕೆಲಸ.

ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಯ, ಅಂದರೆ ಎಫ್‌ಆರ್‌ಆರ್‌ಒ ಪೋರ್ಟಲ್‌ನಲ್ಲಿ ವಿವರ ತುಂಬಬೇಕು. ನಾವೆಲ್ಲ ಸಿ ಫಾರ್ಮ್ ಅಂತಲೇ ಕರೆಯುವುದು ಅದನ್ನೇ. ಪಾಸ್‌ಪೋರ್ಟ್, ವೀಸಾ ಫೋಟೋ ಬೇಕು ಅಂತ ಲಿಸ್ಟಿಂಗಿನಲ್ಲೇ ಬರೆದಿಡಿ, ಬಂದ ಮೇಲೆ ಮುಜುಗರ ಇರುವುದಿಲ್ಲ. ಮನೆಯನ್ನು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸುವ ಕೆಲಸವನ್ನೂ ಮೊದಲೇ ಮುಗಿಸಿ. ಇನ್ನೊಂದು ಉಪಯುಕ್ತ ವಿಷಯ: ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿ ಮೀರದಂತೆ, ಸತತವಾಗಿ ಕನಿಷ್ಠ 90 ದಿನ ಇರುವವರಿಗೆ ಕೊಡುವ ವಸತಿಗೆ 2024ರ ಜುಲೈನಿಂದ ಜಿಎಸ್‌ಟಿ ವಿನಾಯಿತಿ ಇದೆ. ಮೂರು ತಿಂಗಳಿಗೆ ಬರುವವರಿಗೆ ನಾವು ತಿಂಗಳಿಗೆ 19,500 ಇಟ್ಟಿರುವುದು ಅದಕ್ಕೇ. ನಿಮ್ಮ ಲೆಕ್ಕ ನೋಡುವವರ ಹತ್ತಿರ ಒಮ್ಮೆ ಕೇಳಿ ದರ ನಿಗದಿ ಮಾಡಿ.

ಪ್ರತಿ ವರ್ಷ ಜೂನ್ ಮೊದಲ ವಾರ ನಾನು ಎಲ್ಲ ಲಿಸ್ಟಿಂಗ್‌ಗಳನ್ನೂ ತೆರೆದು ಮಳೆಗಾಲಕ್ಕೆ ಬದಲಿಸುತ್ತೇನೆ. ದರ ಇಳಿಸುತ್ತೇನೆ. ಸಮುದ್ರಕ್ಕೆ ಇಳಿಯುವ ಹಾಗಿಲ್ಲ, ಬಟ್ಟೆ ಒಣಗಲು ಮೂರು ದಿನ ಬೇಕು, ಕೊಂಕಣ ರೈಲಿನ ಮಳೆಗಾಲದ ವೇಳಾಪಟ್ಟಿ ಬೇರೆ ಅಂತ ಬರೆಯುತ್ತೇನೆ. ಅಂಗಳಕ್ಕೆ ಮಾಡಿನ ನೀರು ಸುರಿಯುವ ಒಂದು ಫೋಟೋ ಹಾಕುತ್ತೇನೆ. ಅದರ ಪಕ್ಕದಲ್ಲೇ ರೌಟರ್, ಎರಡು ಪುಟ್ಟ ಯುಪಿಎಸ್, ಉರಿಯುತ್ತಿರುವ ಹಸಿರು ದೀಪಗಳ ಫೋಟೋ. ಮಳೆ ಬೇಕು, ಕೆಲಸವೂ ತಪ್ಪಬಾರದು ಅನ್ನುವವರು ಆ ಎರಡು ಫೋಟೋ ನೋಡಿ ಬರುತ್ತಾರೆ. ಕಳೆದ ಜುಲೈನಲ್ಲಿ ಆರರಲ್ಲಿ ಐದು ಕೋಣೆ ತುಂಬಿದ್ದವು.