ಸಿಕಲ್ ಸೆಲ್ ರೋಗಿಯ ಶುಶ್ರೂಷೆ ಮತ್ತು ಮನೆಯವರಿಗೆ ನೀಡಬೇಕಾದ ತಿಳಿವಳಿಕೆ

ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆಯಿರುವ ರೋಗಿಯು ತೀವ್ರ ನೋವಿನಿಂದ ಬಂದಾಗ ಶುಶ್ರೂಷಕರು ಮೊದಲು ಮಾಡಬೇಕಾದದ್ದು ಆ ನೋವನ್ನು ನಂಬುವುದು. ಕುಡಗೋಲಿನ ಆಕಾರಕ್ಕೆ ತಿರುಗಿದ ಕೆಂಪು ರಕ್ತಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಅಂಗಾಂಶಗಳಿಗೆ ಆಮ್ಲಜನಕ ತಲುಪದಂತೆ ತಡೆಯುವುದರಿಂದ ಈ ನೋವು ಹುಟ್ಟುತ್ತದೆ. ಅದರ ತೀವ್ರತೆಯನ್ನು ಅಳೆದು ತೋರಿಸುವ ರಕ್ತಪರೀಕ್ಷೆ ಇಲ್ಲದಿರುವುದರಿಂದ ರೋಗಿಯ ಮಾತೇ ಆಧಾರ. ನೋವನ್ನು 0ಯಿಂದ 10ರ ಅಳತೆಯಲ್ಲಿ ದಾಖಲಿಸಿಕೊಂಡು, ವೈದ್ಯರು ಸೂಚಿಸಿದ ನೋವುನಿವಾರಕದ ಮೊದಲ ಡೋಸ್ ರೋಗಿ ಬಂದ 1 ಗಂಟೆಯೊಳಗೆ ಸಿಗುವಂತೆ ನೋಡಿಕೊಳ್ಳಬೇಕು. ನೋವು ಹತೋಟಿಗೆ ಬರುವವರೆಗೆ 15ರಿಂದ 30 ನಿಮಿಷಕ್ಕೊಮ್ಮೆ ಮತ್ತೆ ವಿಚಾರಿಸಬೇಕು. ಮಾರ್ಫಿನ್‌ನಂಥ ಔಷಧಿ ಕೊಟ್ಟಿದ್ದರೆ ಉಸಿರಾಟದ ವೇಗವನ್ನೂ ಮಂಪರನ್ನೂ ಗಮನಿಸಬೇಕು. ನೋಯುವ ಜಾಗಕ್ಕೆ ಹಿತವಾದ ಶಾಖ ಕೊಡಬಹುದು, ಐಸ್ ಇಡಬಾರದು.

ಹಾಸಿಗೆಯಲ್ಲೇ ಇರುವ ರೋಗಿಯಿಂದ ಎಚ್ಚರವಿರುವಾಗ 2 ಗಂಟೆಗೊಮ್ಮೆ ಸ್ಪೈರೋಮೀಟರ್‌ನಲ್ಲಿ (ಉಸಿರಾಟದ ಅಭ್ಯಾಸಕ್ಕೆ ಬಳಸುವ ಸಣ್ಣ ಉಪಕರಣ) 10 ಬಾರಿ ದೀರ್ಘವಾಗಿ ಉಸಿರು ಎಳೆಸುವ ಸರಳ ಅಭ್ಯಾಸವು ಶ್ವಾಸಕೋಶದ ಗಂಭೀರ ತೊಡಕನ್ನು ತಡೆಯಲು ನೆರವಾಗುತ್ತದೆ. ಕೆಲಸದ ಒತ್ತಡದಲ್ಲಿ ಇದನ್ನು ಕೈಬಿಡುವುದು ಸರಿಯಲ್ಲ. ಎದೆನೋವು, ಕೆಮ್ಮು ಅಥವಾ ಆಮ್ಲಜನಕದ ಮಟ್ಟದ ಇಳಿಕೆ ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಬೇಕು.

ಮನೆಯವರಿಗೆ ತಿಳಿಸಬೇಕಾದವುಗಳಲ್ಲಿ ಜ್ವರವೇ ಮುಖ್ಯ. ಸೋಂಕಿನ ವಿರುದ್ಧ ಹೋರಾಡುವ ಅಂಗವಾದ ಗುಲ್ಮವು (ಸ್ಪ್ಲೀನ್) ಈ ರೋಗಿಗಳಲ್ಲಿ ಬಾಲ್ಯದಲ್ಲೇ ದುರ್ಬಲವಾಗುವುದರಿಂದ ಸೋಂಕು ಬೇಗನೆ ಪ್ರಾಣಾಪಾಯ ತರಬಲ್ಲದು, ಜ್ವರ 38.5 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಬರಬೇಕು. ಮಗುವಿನ ಎಡ ಪಕ್ಕೆಲುಬಿನ ಕೆಳಗೆ ಗುಲ್ಮವನ್ನು ಮುಟ್ಟಿ ನೋಡುವುದನ್ನು ತಾಯಿತಂದೆಯರ ಕೈಯಿಂದಲೇ ಮಾಡಿಸಿ ಕಲಿಸಬೇಕು. ಗುಲ್ಮ ಹಠಾತ್ತನೆ ಊದಿಕೊಂಡು ಮಗು ಬಿಳಿಚಿಕೊಂಡರೆ, ಮಾತು ತೊದಲಿದರೆ ಅಥವಾ ಒಂದು ಪಕ್ಕದ ಕೈಕಾಲು ಬಲ ಕಳೆದುಕೊಂಡರೆ ಅದು ತುರ್ತು ಸ್ಥಿತಿ. ಸಾಕಷ್ಟು ನೀರು ಕುಡಿಯುವುದು, ಚಳಿಯಿಂದ ರಕ್ಷಣೆ ಮತ್ತು ಲಸಿಕೆಗಳ ವಿಷಯವನ್ನೂ ಹೇಳಬೇಕು. ನೋವು ಮರುಕಳಿಸುವುದನ್ನು ಕಡಿಮೆ ಮಾಡುವ ಹೈಡ್ರಾಕ್ಸಿಯೂರಿಯಾ ಔಷಧಿಯನ್ನು ಸೇವಿಸುವವರು ನೋವಿಲ್ಲದ ದಿನಗಳಲ್ಲಿಯೂ ಅದನ್ನು ತಪ್ಪಿಸದೆ, ನಿಗದಿತ ರಕ್ತಪರೀಕ್ಷೆಗಳನ್ನು ಮಾಡಿಸಿಕೊಳ್ಳಬೇಕು.