ಕೊನೆಯ 70 ದಿನ ಗೆಂಡೆಗೆ ಅಗಸೆ

"ಚಟ್ನಿ ಮಾಡೋ ಅಗಸೆಯನ್ನ ಮೀನಿಗೆ ಹಾಕ್ತೀಯಾ?" ಅಂತ ಬೈದವರೇ ಈ ವರ್ಷ ನನ್ನ ಹೊಂಡದ ಗೆಂಡೆಗೆ ಮುಂಗಡ ಕೊಟ್ಟು ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನೂ ತೌಡು, ಶೇಂಗಾ ಹಿಂಡಿಯವನೇ. ಮೀನು ಬೇಗ ತೂಗುತ್ತಿತ್ತು, ಆದರೆ ಹೊಟ್ಟೆ ಕೊಯ್ದರೆ ಕರುಳಿನ ಸುತ್ತ ಬರೀ ಕೊಬ್ಬು. ಮಾಂಸವನ್ನು ಲ್ಯಾಬಿಗೆ ಕೊಟ್ಟೆ. ಹೃದಯಕ್ಕೆ ಒಳ್ಳೆಯದು ಅನ್ನೋ ಒಮೆಗಾ-3 ಕೊಬ್ಬು ಒಂದು ಪಾಲಿದ್ದರೆ, ಒಮೆಗಾ-6 ಅನ್ನೋ ಇನ್ನೊಂದು ಬಗೆಯ ಕೊಬ್ಬು ಹತ್ತಿರ ಹತ್ತಿರ ಆರು ಪಾಲು. ಶೇಂಗಾ, ತೌಡಿನ ಎಣ್ಣೆಯಲ್ಲೇ ಒಮೆಗಾ-3 ಇಲ್ಲದಂತೆ. ಮತ್ತೆ ಮೀನಿಗೆ ಎಲ್ಲಿಂದ ಬರಬೇಕು, ಅಲ್ವಾ?

ಅಗಸೆಯಲ್ಲಿ ಒಮೆಗಾ-3 ಜಾಸ್ತಿ. ಮೊದಲ ವರ್ಷ ಹಸಿ ಅಗಸೆ ಪುಡಿ ಮಾಡಿ ಮೇವಿಗೆ ಬೆರೆಸಿದೆ. ನೀರಿಗೆ ಬಿದ್ದಿದ್ದೇ ಲೋಳೆ ಲೋಳೆ. ಹಸಿ ಅಗಸೆಯಲ್ಲಿ ಸಯನೈಡ್ ಬಿಡುವ ಅಂಶವೂ ಇದೆ. ಮೀನು ಮೇವು ಬಿಟ್ಟಿತು. ಎರಡನೇ ವರ್ಷ ಅಗಸೆ ಎಣ್ಣೆ ತಂದು ಒಂದು ತಿಂಗಳ ಮೇವು ಒಟ್ಟಿಗೇ ಕಲಸಿ ತಗಡಿನ ಶೆಡ್ಡಿನಲ್ಲಿಟ್ಟೆ. ಏಪ್ರಿಲ್ ಬಿಸಿಲು. ಹತ್ತೇ ದಿನಕ್ಕೆ ಕಮಟು ವಾಸನೆ. ಎಲ್ಲಾ ತಿಪ್ಪೆಗೆ ಸುರಿದೆ. ಸುಮಾರು 40,000 ರೂಪಾಯಿ ಹೋಯಿತು. ಮನೆಯಲ್ಲಿ ಎರಡು ದಿನ ಯಾರೂ ನನ್ನ ಜೊತೆ ಮಾತಾಡಲಿಲ್ಲ.

ಈಗ ಬೀಜವನ್ನೇ ಹುರಿದು ಪುಡಿ ಮಾಡುತ್ತೇನೆ. 100 ಕೆಜಿ ಮೇವಿಗೆ 10 ಕೆಜಿ. ನಾಲ್ಕು ದಿನಕ್ಕೆ ಆಗುವಷ್ಟೇ ಕಲಸಿ, ವಿಟಮಿನ್ ಇ ಸೇರಿಸಿ ನೆರಳಲ್ಲಿಡುತ್ತೇನೆ. ಎಷ್ಟು ಹುರಿಯಬೇಕು, ಉಂಡೆ ಕಟ್ಟಲು ಏನು ಹಾಕುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ವರ್ಷವಿಡೀ ಕೊಡೋದು ಸುಮ್ನೆ ದುಡ್ಡು ದಂಡ. ಬಲೆ ಎಳೆಯುವ ಮೊದಲಿನ 70 ದಿನ ಸಾಕು. ಕೆಜಿ ಮೀನಿಗೆ ಹತ್ತು ರೂಪಾಯಿ ಜಾಸ್ತಿ ಖರ್ಚು, ಮಾರಿದ್ದು ಮೂವತ್ತು ಜಾಸ್ತಿಗೆ.

ಹೋದ ಸಲದ ಲ್ಯಾಬ್ ವರದಿಯಲ್ಲಿ ಒಮೆಗಾ-6ರ ಆರು ಪಾಲು ಎರಡಕ್ಕೆ ಇಳಿದಿತ್ತು. ಆ ಕಾಗದ ತೋರಿಸಿಯೇ ವ್ಯಾಪಾರ ಮಾಡಿದೆ. ಆದರೆ ಒಂದು ಮಾತು. ಹೆಚ್ಚಿದ ಒಮೆಗಾ-3ರಲ್ಲಿ ಬಹುಪಾಲು ಅಗಸೆಯಲ್ಲಿರುವ ಎಎಲ್‌ಎ ಎಂಬ ಬಗೆಯದು. ಗೆಂಡೆ ಅದರಲ್ಲಿ ಸ್ವಲ್ಪವನ್ನಷ್ಟೇ ಇಪಿಎ, ಡಿಎಚ್‌ಎ, ಅಂದರೆ ಸಮುದ್ರ ಮೀನಿನಲ್ಲಿ ಹೆಚ್ಚಿರುವ ಬಗೆಯ ಒಮೆಗಾ-3 ಮಾಡಿಕೊಳ್ಳುತ್ತದೆ. ಸಮುದ್ರದ ಬಂಗುಡೆ, ಬೂತಾಯಿಗೆ ಸಮ ಅಂತ ಹೇಳಿ ಮಾರಬೇಡಿ, ಗಿರಾಕಿಗೆ ಮೋಸ ಆಗುತ್ತದೆ.

ಪಕ್ಕದ ಸಣ್ಣ ಹೊಂಡದಲ್ಲಿ ಕಾಟ್ಲಾ ಮೀನು ಬಿಟ್ಟಿದ್ದೆ. ಮೇವು ತೀರಾ ಕಡಿಮೆ, ಸಗಣಿ ಹಾಕಿ ನೀರು ಹಸಿರು ಮಾಡಿದ್ದು ಅಷ್ಟೇ. ತೂಕ ಮುಕ್ಕಾಲು ಕೆಜಿ ದಾಟಲಿಲ್ಲ, ಆದರೆ ಡಿಎಚ್‌ಎ ಗೆಂಡೆಗಿಂತ ಚೆನ್ನಾಗಿ ಬಂತು. ತಿಂದದ್ದು ಆ ಹಸಿರು ನೀರಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನ, ಪ್ಲಾಂಕ್ಟನ್ ತಾನೇ! ಈ ಮುಂಗಾರಿಗೆ ಎರಡೂ ಒಂದೇ ಹೊಂಡಕ್ಕೆ. ಮೀನುಮರಿ ಬೇಕು ಅಂತ ಹೇಳಿಟ್ಟಿದ್ದೇನೆ.